‘ಏನಾದ್ರೂ’ ಅಂದ್ರ ಏನ?

ದಸರೆಯ ಸಂಜೆ ನಮ್ಮ ಬೆಳಗಾವಿಯಲ್ಲಿ ಮನೆಯ ಬಾಗಿಲು ಹಾಕುವ ಪದ್ಧತಿಯಿಲ್ಲ. ಸೀಮೋಲ್ಲಂಘನ ಮುಗಿಸಿದವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಕೈಯಲ್ಲಿ ನಾಲ್ಕು ಬನ್ನಿ ಎಲೆ, ಬಾಯಲ್ಲಿ ಒಂದೇ ಮಾತು: “ಬನ್ನಿ ತಗೊಂಡು ಬಂಗಾರದಂಗ ಇರೂಣು.” ಮರಾಠಿ ಮನೆಯವರು ಆಪಟೆಯ ಎಲೆ ತಂದು ಅದನ್ನೇ ‘ಸೋನ’ ಎಂದು ಕೊಡುತ್ತಾರೆ. ಹಿರಿಯರಾದರೆ ಕಾಲು ಮುಟ್ಟಬೇಕು, ಓರಗೆಯವರಾದರೆ ಕೈ ಹಿಡಿಯಬೇಕು. ವರ್ಷವಿಡೀ ಮಾತು ಬಿಟ್ಟವರು ಕೂಡ ಆ ದಿನ ಮಾತಾಡಬೇಕು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅಜ್ಞಾತವಾಸಕ್ಕೆ ಹೋಗುವ ಮುಂಚೆ ಪಾಂಡವರು ಆಯುಧಗಳನ್ನು ಬನ್ನಿಯ ಮರದ ಮೇಲೆ ಬಚ್ಚಿಟ್ಟರು ಎಂಬ ಕಥೆಯನ್ನೂ ಆಕೆಯೇ ಹೇಳಿದ್ದು. ಆಯುಧ ಬಚ್ಚಿಟ್ಟ ಮರದ ಎಲೆಯೇ ಸ್ನೇಹದ ಗುರುತಾದದ್ದು ಹೇಗೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಲಿಲ್ಲ. ಕೇಳುವ ವಯಸ್ಸು ಬಂದಾಗ ಅವ್ವ ಇರಲಿಲ್ಲ.

1997ರಿಂದ 2007ರವರೆಗೆ ಹನ್ನೊಂದು ದಸರೆಗಳಲ್ಲಿ ನನ್ನ ಖಾನಾಪುರದ ಗೆಳತಿ ನಮ್ಮ ಮನೆಗೆ ಬಂದು ನನ್ನ ಕೈಗೆ ಬನ್ನಿ ಇಟ್ಟು ಹೋಗಿದ್ದಾಳೆ. ಒಂದು ವರ್ಷವೂ ತಪ್ಪಿಸಲಿಲ್ಲ. ಆ ಹನ್ನೊಂದು ವರ್ಷ ನಾವಿಬ್ಬರೂ ಬಂಗಾರದಂಗ ಇರಲಿಲ್ಲ.

ಇದನ್ನು ಬರೆಯುವ ಮುಂಚೆ ಆಕೆಯ ಒಪ್ಪಿಗೆ ಪಡೆದಿದ್ದೇನೆ. ಏಕೆ ಪಡೆಯಬೇಕಾಯಿತು ಎಂಬುದು ಮುಂದೆ ತಿಳಿಯುತ್ತದೆ. ಓದಿ ನೋಡಿ ಎರಡು ಸಾಲು ಹೊಡೆದುಹಾಕಿದಳು, ಉಳಿದದ್ದು ಇರಲಿ ಎಂದಳು.

2008ರ ಬೇಸಿಗೆಯಲ್ಲಿ ನಮ್ಮ ಓಣಿಯ ಮಹಿಳಾ ಮಂಡಳದವರು ನನ್ನನ್ನು ಮಾತಾಡಲು ಕರೆದರು. ವಿಷಯ ಅವರೇ ಕೊಟ್ಟದ್ದು: ಎರಡು ‘ಯಯಾತಿ’ಗಳು. ಒಂದು ವಿ.ಸ. ಖಾಂಡೇಕರರ ಮರಾಠಿ ಕಾದಂಬರಿ, 1959ರಲ್ಲಿ ಬಂದದ್ದು. ಇನ್ನೊಂದು ಗಿರೀಶ ಕಾರ್ನಾಡರ ನಾಟಕ, ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ್ದು. ಒಂದು ಕೊಲ್ಹಾಪುರದ ಕಡೆಯದು, ಒಂದು ಧಾರವಾಡದ್ದು, ನಡುವೆ ನಮ್ಮ ಬೆಳಗಾವಿ. ಈ ಊರಿನ ಎಷ್ಟೋ ಮನೆಗಳಲ್ಲಿ ಎರಡೂ ಪುಸ್ತಕಗಳು ಒಂದೇ ಕಪಾಟಿನಲ್ಲಿ ಇವೆ. ಅತ್ತೆ ಓದಿದ್ದು ಮರಾಠಿಯದು, ಸೊಸೆ ಓದಿದ್ದು ಕನ್ನಡದ್ದು. ಖಾಂಡೇಕರರಿಗೆ ಆ ಕಾದಂಬರಿಗಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಮುಂದೆ 1974ರ ಜ್ಞಾನಪೀಠವೂ ಬಂತು. ಕಾರ್ನಾಡರಿಗೂ ಜ್ಞಾನಪೀಠ ಬಂದ ವಿಷಯ ನಿಮಗೆ ಗೊತ್ತೇ ಇದೆ. ಹೀಗೆ ಎರಡೂ ಕಡೆ ದೊಡ್ಡವರು. ಹೆದರಿಕೊಂಡೇ ಓದಲು ಕೂತೆ.

ಸಾಮಾನ್ಯವಾಗಿ ಈ ಎರಡು ಕೃತಿಗಳ ಮೇಲೆ ಮಾತಾಡುವವರು ಯಯಾತಿಯ ಭೋಗದ ಬಗ್ಗೆ ಮಾತಾಡುತ್ತಾರೆ, ಮಗನ ತಾರುಣ್ಯವನ್ನು ಬೇಡಿದ ತಂದೆಯ ಬಗ್ಗೆ ಮಾತಾಡುತ್ತಾರೆ. ನಾನೂ ಹಾಗೇ ಟಿಪ್ಪಣಿ ಮಾಡಿಕೊಳ್ಳತೊಡಗಿದೆ. ಆದರೆ ಮೂಲ ಕಥೆಯನ್ನು ಒಮ್ಮೆ ನೋಡೋಣವೆಂದು ಮಹಾಭಾರತದ ಆದಿಪರ್ವ ತೆಗೆದಾಗ ಪೆನ್ಸಿಲು ನಿಂತುಬಿಟ್ಟಿತು. ಇಷ್ಟೆಲ್ಲ ಅನಾಹುತಕ್ಕೆ, ಮುಪ್ಪು, ಶಾಪ, ಮಗನ ತ್ಯಾಗ ಎಲ್ಲಕ್ಕೂ ಮೊದಲು ಅಲ್ಲಿರುವುದು ಇಬ್ಬರು ಗೆಳತಿಯರ ಜಗಳ. ಅದೂ ಸೀರೆಯ ಸಲುವಾಗಿ!

ಕಥೆ ನಿಮಗೆ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ, ಸೂಕ್ಷ್ಮಗಳು ಮರೆತಿರುತ್ತವೆ. ಅಸುರರ ಅರಸ ವೃಷಪರ್ವನ ಮಗಳು ಶರ್ಮಿಷ್ಠೆ. ಅವನ ಗುರು ಶುಕ್ರಾಚಾರ್ಯರ ಮಗಳು ದೇವಯಾನಿ. ಗೆಳತಿಯರೆಲ್ಲ ಸೇರಿ ನೀರಾಟಕ್ಕೆ ಹೋದಾಗ ಇಂದ್ರ ಗಾಳಿಯಾಗಿ ಬಂದು ದಡದ ಮೇಲಿನ ಬಟ್ಟೆಗಳನ್ನು ಕಲಸಿಬಿಡುತ್ತಾನೆ. ಶರ್ಮಿಷ್ಠೆ ತಿಳಿಯದೆ ದೇವಯಾನಿಯ ಬಟ್ಟೆ ಉಡುತ್ತಾಳೆ. ಶಿಷ್ಯನ ಮಗಳಾಗಿ ನನ್ನ ಬಟ್ಟೆ ಹೇಗೆ ಉಟ್ಟೆ ಎಂದು ದೇವಯಾನಿ ಕೇಳುತ್ತಾಳೆ. ನಿನ್ನಪ್ಪ ನನ್ನಪ್ಪನ ಕೆಳಗೆ ಕೂತು ಹೊಗಳಿ ಬೇಡಿ ಉಣ್ಣುವವನು ಎಂದು ಶರ್ಮಿಷ್ಠೆ ಹೇಳುತ್ತಾಳೆ. ಮಾತು ಸಾಲದೆ ದೇವಯಾನಿಯನ್ನು ಬಾವಿಗೆ ತಳ್ಳಿ ಹೋಗಿಬಿಡುತ್ತಾಳೆ. ಬೇಟೆಗೆ ಬಂದ ಯಯಾತಿ ಬಲಗೈ ಹಿಡಿದು ಅವಳನ್ನು ಮೇಲೆತ್ತುತ್ತಾನೆ.

ಗಮನಿಸಿ, ಬಟ್ಟೆ ಅದಲುಬದಲಾದದ್ದು ಶರ್ಮಿಷ್ಠೆಯ ತಪ್ಪಲ್ಲ. ಅದು ಗಾಳಿಯ ತಪ್ಪು. ಆದರೆ ಆಡಿದ ಮಾತು ಗಾಳಿಯದಲ್ಲ. ಅದು ಗೆಳತಿಗೆ ಎಲ್ಲಿ ನೋಯುತ್ತದೆ ಎಂದು ಬಲ್ಲವಳ ಮಾತು. ಬಾವಿಯಿಂದ ಮೇಲೆ ಬಂದ ದೇವಯಾನಿ ತಂದೆಯ ಹತ್ತಿರ ಮೊದಲು ಹೇಳಿಕೊಳ್ಳುವುದು ಬಾವಿಗೆ ಬಿದ್ದ ನೋವನ್ನಲ್ಲ, ಆ ಮಾತನ್ನು. ನಾನು ಹೊಗಳಿ ಉಣ್ಣುವವನ ಮಗಳೇ, ಹೌದಾದರೆ ಅವಳಿಗೇ ಶರಣಾಗುತ್ತೇನೆ ಎನ್ನುತ್ತಾಳೆ. ಅಲ್ಲ ಎಂದು ತಂದೆ ಹೇಳುತ್ತಾನೆ. ಆದರೆ ಗುರುವಾದರೂ ಅವನು ಅರಸನ ಆಶ್ರಯದಲ್ಲಿ ಇದ್ದವನೇ. ಪೂರ್ತಿ ಸುಳ್ಳಾಗಿದ್ದರೆ ಆ ಮಾತು ಅಷ್ಟು ನೋಯಿಸುತ್ತಿರಲಿಲ್ಲ.

ಇನ್ನು ಶುಕ್ರಾಚಾರ್ಯರ ಉಪದೇಶ. ಮಗಳು ಇನ್ನೂ ಕಾಡಿನಲ್ಲೇ ಇದ್ದಾಳೆ, ಊರೊಳಗೆ ಬರಲು ಒಲ್ಲೆ ಎಂದಿದ್ದಾಳೆ. ಆಗ ತಂದೆ ಅವಳಿಗೆ ಕ್ಷಮೆಯ ಮಹಿಮೆ ಹೇಳುತ್ತಾನೆ: ಬೈಗುಳ ಸಹಿಸಿದವನೇ ಎಲ್ಲವನ್ನೂ ಗೆದ್ದವನು, ಇತ್ಯಾದಿ. ಮಾತು ಒಳ್ಳೆಯದೇ. ಆದರೆ ಅದನ್ನು ಯಾರಿಗೆ ಹೇಳುತ್ತಿದ್ದಾನೆ? ತಳ್ಳಿಸಿಕೊಂಡವಳಿಗೆ! ತಳ್ಳಿದವಳ ಹತ್ತಿರ ಹೋಗಿ, ಏನಾಯಿತು ಮಗಳೇ, ಯಾಕೆ ಹಾಗೆ ಅಂದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಹೀಗೇ ಅಲ್ಲವೇ? “ಹೋಗ್ಲಿ ಬಿಡವ್ವಾ, ಹೊಟ್ಯಾಗ ಹಾಕ್ಕೊ” ಎಂದು ಹೇಳಿಸಿಕೊಳ್ಳುವವಳು ಯಾವಾಗಲೂ ನೊಂದವಳೇ. ಈ ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎಂಬ ಮಾತನ್ನು ಒಮ್ಮೆ ಯೋಚಿಸಿ ನೋಡಿ. ತಪ್ಪು ಮಾಡಿದವರು ಒಬ್ಬರು, ಅರಗಿಸಿಕೊಳ್ಳಬೇಕಾದ ಹೊಟ್ಟೆ ಇನ್ನೊಬ್ಬರದು.

ಉಪದೇಶ ನಡೆಯಲಿಲ್ಲ. ಶುಕ್ರಾಚಾರ್ಯ ಅರಸನ ಬಳಿಗೆ ಹೋಗಿ, ರಾಜ್ಯ ಬಿಟ್ಟು ಹೊರಡುತ್ತೇನೆ ಎನ್ನುತ್ತಾನೆ. ಅರಸ ಹೆದರಿ, ಬೇಕಾದ್ದು ಕೇಳಿ ಎನ್ನುತ್ತಾನೆ. ಶರ್ಮಿಷ್ಠೆ ಸಾವಿರ ಸಖಿಯರೊಂದಿಗೆ ನನ್ನ ದಾಸಿಯಾಗಲಿ ಎಂದು ದೇವಯಾನಿ ಕೇಳುತ್ತಾಳೆ. ಕುಲದ ಹಿತಕ್ಕಾಗಿ ಶರ್ಮಿಷ್ಠೆ ಒಪ್ಪುತ್ತಾಳೆ. ಹೀಗೆ ಇಬ್ಬರು ಹುಡುಗಿಯರ ಜಗಳ ಇಬ್ಬರು ಅಪ್ಪಂದಿರ ವ್ಯವಹಾರವಾಗಿ ತೀರ್ಮಾನವಾಯಿತು. ದಂಡ ಕಟ್ಟಿದ್ದಾಯಿತು, ತಪ್ಪು ಒಪ್ಪಿದ್ದಾಗಲಿಲ್ಲ. ಶರ್ಮಿಷ್ಠೆ ಒಂದು ಸಲವೂ, ನಾನು ಆಡಿದ್ದು ತಪ್ಪು, ತಳ್ಳಿದ್ದು ತಪ್ಪು ಎನ್ನುವುದಿಲ್ಲ. ದೇವಯಾನಿಯೂ ಆ ಮಾತನ್ನು ಕೇಳುವುದಿಲ್ಲ, ದಾಸ್ಯವನ್ನೇ ಕೇಳುತ್ತಾಳೆ. ಮುಂದೆ ಶರ್ಮಿಷ್ಠೆ ಗುಟ್ಟಾಗಿ ಯಯಾತಿಯಿಂದ ಮೂರು ಮಕ್ಕಳನ್ನು ಪಡೆದಳು ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಬಾಯಿಬಿಟ್ಟು ತೀರದ ಲೆಕ್ಕ ಇನ್ನೆಲ್ಲೋ ತೀರಬೇಕಲ್ಲ.

ಕಾರ್ನಾಡರು ಈ ಜಗಳವನ್ನು ಹೇಗೆ ಬಳಸಿಕೊಂಡಿದ್ದಾರೆ? ಆಕ್ಸ್‌ಫರ್ಡಿಗೆ ಹೊರಟು ನಿಂತ ಇಪ್ಪತ್ತೆರಡರ ತರುಣನ ನಾಟಕವದು. ಅವರ ಮನಸ್ಸಿದ್ದುದು ತಂದೆ ಮಕ್ಕಳ ಮೇಲೆ, ತ್ಯಾಗದ ಹೆಸರಿನಲ್ಲಿ ಎಳೆಯರ ಮೇಲೆ ಬೀಳುವ ಭಾರದ ಮೇಲೆ. ಹಾಗಾಗಿ ನಾಟಕದ ತೂಕ ಪೂರುವಿನ ಕಡೆಗೆ, ಅವನ ಹೆಂಡತಿ ಚಿತ್ರಲೇಖೆಯ ಕಡೆಗೆ ಸರಿಯುತ್ತದೆ. ಚಿತ್ರಲೇಖೆಯಂಥ ಪಾತ್ರವನ್ನು ಕಟ್ಟಿಕೊಟ್ಟದ್ದಕ್ಕೆ ನಾವು ಹೆಂಗಸರು ಅವರಿಗೆ ಋಣಿಗಳು. ಆದರೆ ದೇವಯಾನಿ ಶರ್ಮಿಷ್ಠೆಯರ ಜಗಳ ಅಲ್ಲಿ ಬಾಗಿಲಾಗಿದೆ, ಮನೆಯಾಗಿಲ್ಲ. ಅವರಿಬ್ಬರೂ ಎದುರುಬದುರಾಗಿ ಆಡುವ ಮಾತುಗಳು ಚೂರಿಯಂತಿವೆ, ರಂಗದ ಮೇಲೆ ಕೇಳಲು ಬಹಳ ಚೆನ್ನ. ಮಾತು ಜಾಣತನದ್ದಾದಷ್ಟೂ ಒಳಗಿನ ಸಂಗತಿ ಹೊರಗೆ ಬರುವುದಿಲ್ಲ ಎಂಬುದನ್ನು ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ಕೂತ ನಾನು ಚೆನ್ನಾಗಿ ಬಲ್ಲೆ.

ಖಾಂಡೇಕರರು ಬೇರೆ ದಾರಿ ಹಿಡಿದರು. ಅವರ ಕಾದಂಬರಿಯಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ಸರದಿಯ ಮೇಲೆ ತಂತಮ್ಮ ಕಥೆ ತಾವೇ ಹೇಳುತ್ತಾರೆ. ದೇವಯಾನಿಯ ಮಾತು ಓದುವಾಗ ಅವಳು ಸರಿ ಎನ್ನಿಸುತ್ತದೆ, ಶರ್ಮಿಷ್ಠೆಯ ಭಾಗಕ್ಕೆ ಬಂದಾಗ ಇವಳೇ ಸರಿ ಎನ್ನಿಸುತ್ತದೆ. ಲೇಖಕರ ಒಲವು ಶರ್ಮಿಷ್ಠೆಯ ಕಡೆಗಿದೆ ಎಂಬುದು ಬೇಗ ತಿಳಿಯುತ್ತದಾದರೂ ದೇವಯಾನಿಗೆ ಬಾಯಿ ಕೊಟ್ಟಿದ್ದಾರಲ್ಲ, ಅದು ದೊಡ್ಡದು. ಆದರೆ ಈ ಹೆಂಗಸರು ಹೆಚ್ಚಾಗಿ ಮನಸ್ಸು ಬಿಚ್ಚುವುದು ನಮ್ಮೆದುರು, ಓದುಗರೆದುರು. ದೇವಯಾನಿ ನನಗೆ ಹೇಳಿದ್ದನ್ನು ಶರ್ಮಿಷ್ಠೆಗೆ ಹೇಳಿದ್ದರೆ ಎಂದು ನಾನು ಎಷ್ಟೋ ಪುಟಗಳ ಅಂಚಿನಲ್ಲಿ ಪ್ರಶ್ನಚಿಹ್ನೆ ಹಾಕಿದ್ದೇನೆ. ನಾವೂ ಮಾಡುವುದು ಇದನ್ನೇ. ಜಗಳ ಒಬ್ಬಳೊಂದಿಗೆ ಆಗಿರುತ್ತದೆ, ಅದನ್ನು ತೋಡಿಕೊಳ್ಳುವುದು ಊರಿನ ಉಳಿದವರೆಲ್ಲರೊಂದಿಗೆ.

ಇಷ್ಟು ಬರೆದುಕೊಂಡು ಟಿಪ್ಪಣಿ ಮುಗಿಸಿದೆ ಎಂದುಕೊಂಡು ಎದ್ದೆ. ಅಡುಗೆಮನೆಗೆ ಹೋಗಿ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟಾಗ ಕೈ ನಡುಗಿತು. ಶರ್ಮಿಷ್ಠೆ ಒಂದು ಸಲವೂ ತಪ್ಪು ಅನ್ನಲಿಲ್ಲ ಎಂದು ಬರೆದವಳು ನಾನು. ನಾನು ಅಂದಿದ್ದೆನೇ?

ನಾವಿಬ್ಬರೂ ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಒಟ್ಟಿಗೆ ಇದ್ದವರು. ಆಕೆ ದಿನಾ ಖಾನಾಪುರದಿಂದ ಬರುತ್ತಿದ್ದಳು. ಡಬ್ಬಿ ಹಂಚಿಕೊಂಡು ಉಣ್ಣುವುದು, ಪೇಪರ್ ತಿದ್ದುವುದು, ಬಸುರು ಬಾಣಂತನ ಎಲ್ಲ ಒಟ್ಟಿಗೇ ಆದವು. ಆಕೆಯ ಯಜಮಾನರದು ಪಾಲುದಾರಿಕೆಯ ಹಂಚಿನ ಭಟ್ಟಿ. ಖಾನಾಪುರದ ಮಣ್ಣು ಹೆಸರಾದದ್ದು. ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆ ಆ ಊರಲ್ಲಿ ಇರುವುದೂ ಸುಮ್ಮನಲ್ಲ. ಆದರೆ ಜನ ಹಂಚು ಬಿಟ್ಟು ಸ್ಲ್ಯಾಬ್ ಹಾಕಿಸತೊಡಗಿದ ಮೇಲೆ ಭಟ್ಟಿ ಸೊರಗಿತು, ಬ್ಯಾಂಕಿನ ಸಾಲ ಏರಿತು. ಒಂದು ದಿನ ಶಾಲೆ ಬಿಟ್ಟ ಮೇಲೆ, ಎಲ್ಲರೂ ಹೋದ ಮೇಲೆ, ಆಕೆ ಅಳುತ್ತ ನನಗೆ ಸಾಲದ ಮೊತ್ತ ಹೇಳಿದಳು. “ಯಾರ ಮುಂದೂ ಅನಬ್ಯಾಡ. ಹುಡುಗಿ ಬೆಳದು ನಿಂತಾಳ” ಎಂದಳು.

1997ರಲ್ಲಿ ಆ ಹುಡುಗಿಯನ್ನು ನೋಡಲು ಬರುವವರಿದ್ದ ಗಂಡಿನ ಕಡೆಯವರು ಮೊದಲು ವಿಚಾರಿಸಲು ನಮ್ಮ ಮನೆಗೆ ಬಂದರು. ಚಹಾ ಕುಡಿಯುತ್ತ ಕೇಳಿದರು. “ಮನೆತನ ಚಲೋ, ಹುಡುಗಿ ಬಂಗಾರದಂಥಾಕಿ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಭಟ್ಟಿ ಮ್ಯಾಲೆ ಮಾತ್ರ ಸಾಲ ಭಾಳ ಆಗೈತಿ ಅಂತ ಕೇಳೀನಿ” ಎಂದೆ. ಆ ಸಂಬಂಧ ಮುಂದುವರಿಯಲಿಲ್ಲ.

ಯಾಕೆ ಅಂದೆ? ಹನ್ನೊಂದು ವರ್ಷ ನಾನು ನನಗೆ ಕೊಟ್ಟುಕೊಂಡ ಉತ್ತರ, ನಿಜವನ್ನೇ ಹೇಳಿದೆ ಎಂಬುದು. ಕೇಳಿದವರಿಗೆ ಸುಳ್ಳು ಹೇಳಲಾಗುತ್ತದೆಯೇ? ಆ ಹುಡುಗಿಗೆ ಮುಂದೆ ಧಾರವಾಡದಲ್ಲಿ ಇನ್ನೂ ಒಳ್ಳೆಯ ಮನೆ ಸಿಕ್ಕಿತು, ಹಾಗಾಗಿ ಆದದ್ದೆಲ್ಲ ಒಳ್ಳೆಯದೇ ಆಯಿತಲ್ಲ ಎಂಬ ಉತ್ತರವೂ ಜೊತೆಗೆ ಸೇರಿತು. ಇನ್ನೊಂದು ಸಂಗತಿ ಇತ್ತು, ಅದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ತಿಲಕವಾಡಿಯಲ್ಲಿ ನಮ್ಮ ಮನೆಯ ವಾಸ್ತುಶಾಂತಿ ಆಗಿತ್ತು. ಬಂದವರೆಲ್ಲರ ಎದುರು ಆಕೆ ಸುತ್ತಲೂ ನೋಡಿ ನಕ್ಕು, “ಮನಿ ಚಲೋ ಆಗೈತಿ, ಒಂದ ಖೋಲಿ ಕಡಿಮಿ ಆತು, ಅಲ್ಲಾ?” ಎಂದಿದ್ದಳು. ಆ ಒಂದು ಖೋಲಿಗೆ ದುಡ್ಡು ಸಾಲದೆ ನಾವು ಗಂಡ ಹೆಂಡತಿ ಎಷ್ಟು ರಾತ್ರಿ ಲೆಕ್ಕ ಹಾಕಿದ್ದೆವೋ ಆಕೆಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಏಕೆಂದರೆ ನಾನು ಹೇಳಿರಲಿಲ್ಲ. ಅದು ಗಾಳಿ ಕಲಸಿದ ಬಟ್ಟೆ. ಸಾಲದ ಮಾತು ಹಾಗಲ್ಲ.

ಸಂಬಂಧ ಮುರಿದ ಮೇಲೆ ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿಗಳು ದೂರವಾದವು. ಒಂದು ವರ್ಷದಲ್ಲಿ ಆಕೆ ಖಾನಾಪುರದ ಕಡೆಗೇ ವರ್ಗ ಮಾಡಿಸಿಕೊಂಡಳು. ದಸರೆಗೆ ಬನ್ನಿ, ಸಂಕ್ರಾಂತಿಗೆ ಕುಸುರೆಳ್ಳು ಮಾತ್ರ ತಪ್ಪಲಿಲ್ಲ. ನಮ್ಮ ಕಡೆ ಎಳ್ಳು ಕೊಡುವಾಗಲೂ ಒಂದು ಮಾತಿದೆಯಲ್ಲ, ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದಂಗ ಇರೂಣು ಎಂದು. ಪಕ್ಕದ ಮರಾಠಿ ಮನೆಯಾಕೆ ‘ತಿಳಗುಳ ಘ್ಯಾ, ಗೋಡ ಬೋಲಾ’ ಎನ್ನುತ್ತಾಳೆ. ಈ ಹಬ್ಬಗಳನ್ನು ಕಟ್ಟಿದ ಹಿರಿಯರು ಮನುಷ್ಯರನ್ನು ಬಲ್ಲವರು. ಮುರಿದವರು ತಾವಾಗಿ ಬರಲಾರರು ಎಂದು ತಿಳಿದೇ ಬರಲು ಒಂದು ನೆಪ ಮಾಡಿಕೊಟ್ಟರು. ಆದರೆ ನೆಪ ಬಾಗಿಲಿನ ತನಕ ತರುತ್ತದೆ, ಅಷ್ಟೇ. ನಾವು ಬಾಗಿಲಲ್ಲೇ ನಿಂತು ಎಲೆ ಬದಲಿಸಿಕೊಂಡು ಮುಗಿಯಿತು ಎಂದುಕೊಳ್ಳುತ್ತೇವೆ. ಆ ಕಾಲದ ಮಹಿಳಾ ಪುರವಣಿಗಳಲ್ಲಿ ‘ಸ್ನೇಹದಲ್ಲಿ ಬಿರುಕೇ?’ ಎಂಬಂಥ ಲೇಖನಗಳು ಬರುತ್ತಿದ್ದವು. ಮನಬಿಚ್ಚಿ ಮಾತಾಡಿ, ನಗುನಗುತ್ತ ಮಾತಾಡಿ, ಮುಗುಳ್ನಗೆಯೇ ಮದ್ದು. ಎಷ್ಟೋ ಕತ್ತರಿಸಿಟ್ಟಿದ್ದೆ. ಏನು ಮಾತಾಡಬೇಕು ಎಂದು ಅವುಗಳಲ್ಲಿ ಯಾವುದೂ ಹೇಳಲಿಲ್ಲ.

ಅದು ಗೊತ್ತಾದದ್ದು ಒಬ್ಬ ಜೈನ ಸಹೋದ್ಯೋಗಿಯಿಂದ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ನೀವು ನೋಡಿರಬಹುದು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದ್ದು. ಊರಿನಲ್ಲಿ ಜೈನ ಮನೆತನಗಳು ಬಹಳ. ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಅವರು ಒಬ್ಬರಿಗೊಬ್ಬರು ‘ಉತ್ತಮ ಕ್ಷಮಾ’ ಎಂದು ಹೇಳಿ ಕ್ಷಮೆ ಕೇಳುತ್ತಾರೆ. ಸಹೋದ್ಯೋಗಿ ನನಗೂ ಹೇಳಿದಾಗ, “ನೀವು ನನಗೇನ ಮಾಡೀರಿ, ಕ್ಷಮಾ ಕೇಳಾಕ?” ಎಂದು ನಕ್ಕಿದ್ದೆ. ಆಕೆ ನಗಲಿಲ್ಲ. ಇದು ಕೊನೆಯ ಮಾತು, ಇದಕ್ಕೂ ಮೊದಲು ಆಲೋಚನೆ ಇದೆ, ಪ್ರತಿಕ್ರಮಣ ಇದೆ ಎಂದಳು. ನಾವು ಆಲೋಚನೆ ಎಂದರೆ ವಿಚಾರ ಮಾಡುವುದು ಎಂದುಕೊಳ್ಳುತ್ತೇವೆ. ಅವರ ಶಾಸ್ತ್ರದಲ್ಲಿ ಆಲೋಚನೆ ಎಂದರೆ ಮಾಡಿದ ದೋಷವನ್ನು ಗುರುವಿನ ಮುಂದೆ ಮುಚ್ಚದೆ ಹೇಳಿಕೊಳ್ಳುವುದು. ಪ್ರತಿಕ್ರಮಣ ಎಂದರೆ ಅದರಿಂದ ಹಿಂದಿರುಗುವುದು. “ಹೆಸರ ಹೇಳದ ಕೇಳಿದ್ದು ಬರೇ ನಮಸ್ಕಾರ ಆಗತೈತ್ರಿ” ಎಂದಳು. ನಮ್ಮ ಬನ್ನಿಯಂತೆಯೇ ಅದೂ ಈಗೀಗ ಹಲವು ಮನೆಗಳಲ್ಲಿ ಬರೇ ಕಾರ್ಡು ಕಳಿಸುವುದಾಗಿದೆ ಎಂದೂ ಆಕೆಯೇ ಹೇಳಿದಳು, ಅದು ಬೇರೆ ಮಾತು.

ಮಂಡಳದ ಭಾಷಣ ಚೆನ್ನಾಗಿ ಆಯಿತು. ಚಪ್ಪಾಳೆ ಬಿತ್ತು. ಯಾರೋ ಒಬ್ಬರು, “ಎಷ್ಟ ಆಳಕ್ಕ ಹೋಗಿ ಹೇಳಿದ್ರಿ ಅಕ್ಕಾವ್ರ” ಎಂದರು. ನಾನು ಹೋದದ್ದು ಎಷ್ಟು ಆಳಕ್ಕೆ ಎಂಬುದು ನನಗೆ ಗೊತ್ತಿತ್ತು.

ಅದೇ ಶ್ರಾವಣದಲ್ಲಿ ಒಂದು ಭಾನುವಾರ ಪ್ಯಾಸೆಂಜರ್ ಗಾಡಿ ಹತ್ತಿದೆ. ದೇಸೂರು, ಇದ್ದಲಹೊಂಡ ದಾಟಿದ ಮೇಲೆ ಮಳೆಯ ಬಣ್ಣವೇ ಬೇರೆ. ಬೆಳಗಾವಿಯ ಮಳೆ ಬಂದು ಹೋಗುತ್ತದೆ, ಖಾನಾಪುರದ ಮಳೆ ಬಂದರೆ ಮನೆ ಮಾಡಿ ಕೂರುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಕೆಂಪಗೆ ತುಂಬಿತ್ತು. ಹೇಳಬೇಕಾದ್ದನ್ನು ಗಾಡಿಯಲ್ಲಿ ಐದಾರು ಸಲ ಮನಸ್ಸಿನಲ್ಲೇ ತಿದ್ದಿದೆ. ಮೇಷ್ಟರ ಕೈ, ಸುಮ್ಮನಿರುವುದಿಲ್ಲ. ಕ್ಯಾಂಪಿನಿಂದ ಕುಂದಾ ಕಟ್ಟಿಸಿಕೊಂಡಿದ್ದೆ. ಬರಿಗೈಲಿ ಹೋಗುವುದು ಹೇಗೆ ಎಂದು ತಂದದ್ದು, ಬಾಗಿಲಲ್ಲಿ ನಿಂತಾಗ ಅದೂ ಇನ್ನೊಂದು ಬನ್ನಿ ಎಲೆಯೇ ಅನ್ನಿಸಿತು. ಚೀಲದಿಂದ ತೆಗೆಯಲಿಲ್ಲ.

ಆಕೆ ಒಬ್ಬಳೇ ಇದ್ದಳು. “ಏನ, ಮಳ್ಯಾಗ ಬಂದಿ?” ಎಂದು ಟವೆಲ್ಲು ಕೊಟ್ಟಳು. ಕೂತೆ. ತಿದ್ದಿ ತಂದ ಮಾತೆಲ್ಲ ಮರೆತು ಬಾಯಿಗೆ ಬಂದದ್ದು ಹಳೆಯ ರೂಢಿಯ ಮಾತೇ.

“ನನ್ನಿಂದ ಏನಾದ್ರೂ ತಪ್ಪಾಗಿದ್ರ…”

“ಏನಾದ್ರೂ ಅಂದ್ರ ಏನ?” ಎಂದಳು. ದನಿ ಏರಿಸಲಿಲ್ಲ. ಹುಡುಗರ ಉತ್ತರ ಪತ್ರಿಕೆಯಲ್ಲಿ ‘ಇತ್ಯಾದಿ’ ಎಂದು ಕಂಡಾಗ ಆಕೆ ಕೆಂಪು ಶಾಯಿಯಲ್ಲಿ ಕೇಳುತ್ತಿದ್ದುದು ಹೀಗೆಯೇ.

ಆಗ ಹೇಳಿದೆ. ಯಾರು ಬಂದಿದ್ದರು, ಎಲ್ಲಿ ಕೂತಿದ್ದರು, ನಾನು ಏನಂದೆ. “ನೀ ಅಳಕೋತ ಹೇಳಿದ್ದನ್ನ ಹೇಳಿದೆ. ಹೇಳಿ ಮತ್ತ, ಕೇಳೀನಿ ಅಂತ ಸುಳ್ಳ ಅಂದೆ, ನಿನ್ನ ಬಾಯಿಂದ ಬಂದದ್ದು ಅಂತ ಗೊತ್ತಾಗಬಾರದು ಅಂತ. ಅದು ನಿನ್ನ ಉಳಸಾಕ ಅಲ್ಲ, ನನ್ನ ಉಳಸಿಕೊಳ್ಳಾಕ.” ಖೋಲಿಯ ಮಾತನ್ನು ಹೇಳಲೋ ಬೇಡವೋ ಎಂದು ತಡೆದೆ. ತಪ್ಪೊಪ್ಪಿಕೊಳ್ಳುವಾಗ ಎದುರಿನವರ ತಪ್ಪನ್ನೂ ಪಕ್ಕದಲ್ಲಿಟ್ಟು ತೂಗಿದರೆ ಅದು ಒಪ್ಪಿಕೊಂಡದ್ದಾಗುವುದಿಲ್ಲ. ಆ ದಿನ ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಬೇರೆ ಸಂದರ್ಭದಲ್ಲಿ ಹೇಳಿದಾಗ ಆಕೆಗೆ ಆ ಮಾತು ಆಡಿದ ನೆನಪೇ ಇರಲಿಲ್ಲ, ಕೇಳಿ ಅತ್ತಳು.

ಅಂದು ಅಳಲಿಲ್ಲ. ಎದ್ದು ಒಳಗೆ ಹೋದಳು. ಹಾಲು ಕಾಯಿಸುವ ಸದ್ದು ಕೇಳುತ್ತಿತ್ತು, ಬಹಳ ಹೊತ್ತು. ಚಹಾ ತಂದಿಟ್ಟು ಕೂತ ಮೇಲೆ ಹೇಳಿದಳು:

“ನೀ ಹೇಳೀದಿ ಅಂತ ನನಗ ಆಗಿಂದನ ಗೊತ್ತಿತ್ತು. ಎಷ್ಟು ಸಾಲ ಅಂತ ನಾ ಹೇಳಿದ್ದು ನಿನಗ ಒಬ್ಬಾಕಿಗೆ. ಆದ್ರ ನಮ್ಮವ್ರಿಗೆ ಗೊತ್ತಿಲ್ಲ. ಬ್ಯಾಂಕಿನ್ಯಾಗ ಅವರ ದೋಸ್ತ ಒಬ್ಬರಿದ್ರಲ್ಲ, ಸಣ್ಣಂದಿರಿಂದ ಕೂಡಿ ಆಡಿದವರು, ಅವರಿಂದನ ಮಾತು ಹೊರಗ ಬಿತ್ತು ಅಂತ ತಿಳಕೊಂಡ್ರು. ಅವತ್ತ ಮಾತ ಬಿಟ್ಟವರು ಇವತ್ತಿಗೂ ಆಡಿಲ್ಲ. ಅವರ ಮಗನ ಲಗ್ನಕ್ಕೂ ಹೋಗಲಿಲ್ಲ.”

“ನೀ ಯಾಕ ಹೇಳಲಿಲ್ಲ?” ಎಂದೆ.

“ಹೇಳಿದ್ರ ನಾ ನಿನ್ನ ಮುಂದ ಹೇಳಿದ್ದು ಹೇಳಬೇಕಾಗತಿತ್ತಲ್ಲ. ಮನ್ಯಾಗಿಂದು ಹೊರಗ ಹೋಗಬಾರದು ಅಂತ ಅವ್ರು ನನ್ನ ಕಡೆ ಆಣಿ ಮಾಡಿಸಿಕೊಂಡಿದ್ರು.” ಸ್ವಲ್ಪ ಹೊತ್ತು ಬಿಟ್ಟು, “ಬನ್ನಿ ಕೊಡಾಕ ಬರತಿದ್ದೆ ನೋಡು ವರ್ಷಾ, ನಿನ್ನ ಮ್ಯಾಲಿನ ಪ್ರೀತಿಗೆ ಅಂತ ತಿಳೀಬ್ಯಾಡ. ನೀ ಎಲ್ಲ್ಯರೆ ಒಂದಿನ ಬಂದು ಅವರ ಮುಂದ ಕ್ಷಮಾ ಕೇಳಿಬಿಟ್ಟೀ ಅಂತ ಅಂಜಿಕಿ ಇತ್ತು. ನೀ ಮಾತ ತಗೀಬಾರದು ಅಂತ ನಾನ ಮೊದಲ ಬಂದು ಬಾಯಿ ಮುಚ್ಚಿಸಿ ಹೋಗತಿದ್ದೆ.”

ಶರ್ಮಿಷ್ಠೆ ದೇವಯಾನಿಯರ ಬಗ್ಗೆ ಚಪ್ಪಾಳೆ ಹೊಡೆಸಿಕೊಂಡು ಬಂದ ನನಗೆ ಈ ತಿರುವು ಹೊಳೆದೇ ಇರಲಿಲ್ಲ. ನೊಂದವಳು ಸುಮ್ಮನಿರುವುದು ಔದಾರ್ಯದಿಂದಲೋ ಹಟದಿಂದಲೋ ಎಂದಷ್ಟೇ ನಾನು ತಿಳಿದಿದ್ದೆ. ಅವಳಿಗೂ ಮುಚ್ಚಿಡಬೇಕಾದ್ದು ಇರಬಹುದು. ದಾಸಿಯಾಗಲಿ ಎಂದು ದಂಡ ಕೇಳಿದ ದೇವಯಾನಿ ಎದುರು ಕೂತು ಮಾತಾಡೋಣ ಎಂದು ಏಕೆ ಕೇಳಲಿಲ್ಲ? ಮಾತು ಶುರುವಾದರೆ ಮೊದಲು ಅಂದದ್ದು ಯಾರು ಎಂಬಲ್ಲಿಗೆ ಬರುತ್ತಿತ್ತು. ದಂಡದಲ್ಲಿ ಆ ತಾಪತ್ರಯವಿಲ್ಲ. ಖಾಂಡೇಕರರೂ ಕಾರ್ನಾಡರೂ ಬಾವಿಯನ್ನು ಮೇಲಿನಿಂದ ನೋಡಿದರು ಎಂದು ನಾನು ಭಾಷಣದಲ್ಲಿ ಹೇಳಿದ್ದೆ. ನಾನೂ ಅಲ್ಲಿಯೇ ನಿಂತು ನೋಡಿದ್ದೆ. ಇನ್ನೂ ಒಂದು. ಕಥೆಯಲ್ಲಿ ಆ ಇಬ್ಬರ ಜಗಳದ ಬೆಲೆ ತೆತ್ತವನು ಪೂರು, ಜಗಳದ ಹೊತ್ತಿಗೆ ಹುಟ್ಟಿಯೇ ಇರಲಿಲ್ಲ. ನಮ್ಮ ಜಗಳದ ಬೆಲೆ ತೆತ್ತವರು ಬ್ಯಾಂಕಿನ ಆ ಮನುಷ್ಯ. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ. ಕಾರ್ನಾಡರು ಗೆಳತಿಯರನ್ನು ಬಿಟ್ಟು ಪೂರುವಿನ ಕಡೆ ಹೋದರು ಎಂದು ದೂರಿದ್ದೆನಲ್ಲ, ಆ ದೂರನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

“ನಾ ಹೇಳತೇನಿ ಅವ್ರಿಗೆ. ಬಂದ ಮ್ಯಾಲೆ ಹೇಳೇ ಹೋಗತೇನಿ” ಎಂದೆ.

“ಬ್ಯಾಡ. ನಿಂದು ನೀ ಹೇಳೀದಿ. ಅದು ನಾ ಹೇಳೋ ಮಾತು.”

“ನನಗ ಕ್ಷಮಾ ಮಾಡೀದೇನ?” ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು.

“ಇವತ್ತ ಚಹಾ ಕುಡದು ಹೋಗು. ಐದರ ಗಾಡಿ ತಪ್ಪಿದ್ರ ಬಸ್ಸಿಗೆ ನಿಂದ್ರಬೇಕಾಗತೈತಿ” ಎಂದಳು. ಹೊರಡುವಾಗ ಚೀಲದೊಳಗಿನ ಪೊಟ್ಟಣ ಆಕೆಯೇ ಕಂಡು, “ಕುಂದಾ ತಂದು ಒಯ್ಯಾಕತ್ತೀಯೇನ?” ಎಂದು ತೆಗೆದುಕೊಂಡಳು.

ಆ ವರ್ಷದ ದಸರೆಗೆ ಆಕೆ ಬರಲಿಲ್ಲ. ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆ. ಬಂದವರು ಕೊಟ್ಟ ಬನ್ನಿ ಹರಿವಾಣದ ತುಂಬ ಇತ್ತು. ಸೀಗೆ ಹುಣ್ಣಿಮೆಯ ಮರುದಿನ ಫೋನು ಬಂತು.

“ಹೇಳಿದೆ” ಎಂದಳು.

“ಏನಂದ್ರು?”

“ಇನ್ನೂ ಏನೂ ಅಂದಿಲ್ಲ. ಊಟ ಮಾಡ್ಯಾರ.”